ರಾಯಚೂರಿನ ಮಾಳಿಗೆ ಮೇಲೆ ಫೆಲಾ ಕುಟಿ

ಫಂಕ್ ಸಂಗೀತವನ್ನು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಹಾಡು ಕಳಿಸಿ ಅಂತ ಯಾರೇ ಕೇಳಿದರೂ ನಾನು ಮೊದಲು ಹೇಳುವ ಮಾತು ಇದು. ಫಂಕ್ ಅಂದರೆ ಅಮೆರಿಕದ ಕಪ್ಪು ಜನ ಕಟ್ಟಿದ, ಬೇಸ್ ಮತ್ತು ತಾಳದ ಮೇಲೆ ನಿಂತ ಕುಣಿತದ ಸಂಗೀತ. ಬೇಸ್ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಅಷ್ಟು ಕೆಳಗಿನ ಸದ್ದು ಹೊರಡಬೇಕಾದರೆ ಜಾಸ್ತಿ ಗಾಳಿಯನ್ನು ತಳ್ಳಬೇಕು. ಫೋನಿನೊಳಗಿರುವ ಸಣ್ಣ ಸ್ಪೀಕರಿಗೆ ಅದು ಆಗದ ಕೆಲಸ. ಹಾಗಾಗಿ ನಿಮಗೆ ಕೇಳಿಸುವುದು ಹಾಡುವವರ ದನಿ, ತುತ್ತೂರಿ, ಮೇಲಿನ ತಾಳ, ಅಷ್ಟೇ. ಫಂಕ್ ಇರುವುದು ಅದರ ಕೆಳಗೆ.

ನಮ್ಮ ಮಾಳಿಗೆ ಮೇಲೆ ಒಂದು ಮರದ ಪೆಟ್ಟಿಗೆ ಇದೆ. ಅದರಲ್ಲಿ 12 ಇಂಚಿನ ಸ್ಪೀಕರ್. ನಮ್ಮ ಓಣಿಯ ರೇಡಿಯೊ ರಿಪೇರಿ ಕಾಕಾ ಕೂಡಿಸಿಕೊಟ್ಟದ್ದು. ಬ್ಯಾಂಡ್ ಕಂಪನಿಯೊಂದು ಮಾರಿದ ಹಳೇ ಪೆಟ್ಟಿಗೆ, ಆಂಪ್ಲಿಫೈಯರ್ ಮಾತ್ರ ಹೊಸದು. ಅದರ ಮುಂದೆ ಚಾಪೆ ಹಾಸಿ ಕೂತರೆ ಬೇಸ್ ಗಿಟಾರಿನ ಪ್ರತಿ ಪೆಟ್ಟೂ ತೊಡೆಗೆ ತಾಗುತ್ತದೆ. ಶನಿವಾರ ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ನಾವೊಂದಷ್ಟು ಜನ ಅಲ್ಲಿ ಸೇರುತ್ತೇವೆ. ತೀನ್ ಕಂದಿಲ್ ಹತ್ತಿರ ನನ್ನದೊಂದು ಮೆಡಿಕಲ್ ಶಾಪ್ ಇದೆ. ಬರುವವರಲ್ಲಿ ಅರ್ಧ ಜನ ಆ ಅಂಗಡಿಯ ಗಿರಾಕಿಗಳೇ. ರಾಯಚೂರಿನ ಬೇಸಿಗೆ ಗೊತ್ತಲ್ವಾ? ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ ಮನೆಯೊಳಗೆ ಇರೋಕೆ ಆಗಲ್ಲ. ಎಲ್ಲರೂ ಮಾಳಿಗೆ ಏರಲೇಬೇಕು. ಹೇಗೂ ಏರುತ್ತಾರಲ್ಲ, ಏನಾದರೂ ಕೇಳಿಸೋಣ ಅಂತ ಶುರುವಾದದ್ದು ಈಗ ಚಳಿಗಾಲದಲ್ಲೂ ನಡೆಯುತ್ತಿದೆ.

ಫಂಕ್ ಆಗಲಿ, ಅದರ ಜೊತೆ ನಾವು ಕೇಳುವ ಆಫ್ರಿಕಾದ ಹಾಡುಗಳಾಗಲಿ, ನನಗೆ ಈ ಸಂಗೀತ ಸಿಕ್ಕಿದ್ದು ಹೈದರಾಬಾದಿನಲ್ಲಿ, ಬಿ.ಫಾರ್ಮ್ ಓದುವಾಗ. ನಮ್ಮ ಕ್ಲಾಸಿನಲ್ಲಿ ಸುಡಾನಿನ ಹುಡುಗಿಯೊಬ್ಬಳಿದ್ದಳು. ಪರೀಕ್ಷೆ ಹತ್ತಿರ ಬಂದರೆ ಅವಳು ಮೊಹಮ್ಮದ್ ವಾರ್ದಿಯ ಹಾಡು ಹಾಕಿಕೊಂಡೇ ಓದುತ್ತಿದ್ದಳು. ವಾರ್ದಿ ಸುಡಾನಿನ ಉತ್ತರದ ನೂಬಿಯಾ ಸೀಮೆಯವರು. 1932ರಲ್ಲಿ ಹುಟ್ಟಿದವರು. ಮೊದಲು ಶಾಲೆ ಮಾಸ್ತರಾಗಿದ್ದರು, ಆಮೇಲೆ ಇಡೀ ದೇಶದ ಗಾಯಕರಾದರು. ಅವರು ಹಾಡುತ್ತಿದ್ದ ಅರಬ್ಬಿಯಾಗಲಿ ನೂಬಿಯನ್ ಭಾಷೆಯಾಗಲಿ ನನಗೆ ಒಂದು ಅಕ್ಷರ ತಿಳಿಯುತ್ತಿರಲಿಲ್ಲ. ಆದರೆ ರಾಗ ಗೊತ್ತಿತ್ತು. ಐದೇ ಸ್ವರ. ನಮ್ಮ ಅಜ್ಜಿ ಏಕಾದಶಿ ದಿನ ಭಜನೆಯಲ್ಲಿ ಹಾಡುತ್ತಿದ್ದ ಎಷ್ಟೋ ಪದಗಳು ಐದು ಸ್ವರದೊಳಗೇ ಓಡಾಡುತ್ತವೆ. ಸುಡಾನ್, ಇಥಿಯೋಪಿಯಾ ಕಡೆಯ ಸಂಗೀತ ಹೆಚ್ಚಾಗಿ ಐದು ಸ್ವರದ ಮೇಲೇ ನಿಂತಿದೆ ಅನ್ನೋದು ಆಮೇಲೆ ತಿಳಿಯಿತು. ಇಥಿಯೋಪಿಯಾದವರು ಟಿಜಿಟಾ ಅಂತ ಕರೆಯುವ ಒಂದು ಸ್ವರಮಾಲೆ ಇದೆ. ಅದರ ಒಂದು ಬಗೆಯ ಸ್ವರಗಳು ನಮ್ಮ ಭೂಪ್ ರಾಗದ ಸ್ವರಗಳೇ. ಸ, ರಿ, ಗ, ಪ, ದ. ಮುಲಾಟು ಅಸ್ಟಾಟ್ಕೆ ಅನ್ನುವವರು ಇಂಥ ಸ್ವರಮಾಲೆಗಳನ್ನು ಜಾಝ್ ವಾದ್ಯಗಳಿಗೆ ಕೂಡಿಸಿ ಇಥಿಯೋ ಜಾಝ್ ಕಟ್ಟಿದರು. ನಮ್ಮ ಮಾಳಿಗೆಯಲ್ಲಿ ಹಾರ್ಮೋನಿಯಂ ಕಲಿತ ಮೇಷ್ಟ್ರೊಬ್ಬರು ಅದನ್ನು ಕೇಳುತ್ತಾ ಗಾಳಿಯಲ್ಲೇ ಬೆರಳಾಡಿಸಿ ಸ್ವರ ಹಿಡಿಯುತ್ತಾರೆ.

ಹೈದರಾಬಾದಿನಿಂದ ವಾಪಸ್ ಬರುವಾಗ ನನ್ನ ಹತ್ತಿರ ಒಂದು ಪೆನ್‌ಡ್ರೈವ್ ತುಂಬಾ ಹಾಡಿದ್ದವು. ಅಬಿಡ್ಸ್‌ನ ಭಾನುವಾರದ ಹಳೇ ಪುಸ್ತಕದ ಸಾಲಿನಲ್ಲಿ ಸಿಕ್ಕ ಕೆಲವು ಸಿಡಿಗಳೂ ಇದ್ದವು. ಊರಿಗೆ ಬಂದು ಹಾಕಿದರೆ ಮನೆಯವರ ಮಾತು ಒಂದೇ. 'ಮತ್ತೆ ಇಂಗ್ಲಿಷ್ ಹಾಡು ಹಚ್ಚಿದಿ?' ಅದರಲ್ಲಿ ಇಂಗ್ಲಿಷ್ ಇದ್ದದ್ದು ಕಡಿಮೆ. ಸೋಂಗಾಯ್, ಬಂಬರಾ, ಯೊರುಬಾ, ವೊಲೋಫ್, ಅರಬ್ಬಿ. ಒಂದೊಂದು ಹಾಡಿಗೆ ಒಂದೊಂದು ಊರು, ಒಂದೊಂದು ನುಡಿ. ಅದನ್ನು ಹೇಳಬೇಕು ಅನ್ನುವ ಹಟ ನನಗೆ ಹುಟ್ಟಿದ್ದು ಆಗಲೇ.

ನಮ್ಮ ಕಡೆಯ ಕಿವಿಗೆ ಯಾರಿಂದ ಶುರು ಮಾಡಬೇಕು ಅನ್ನುವುದಕ್ಕೆ ನನ್ನ ಉತ್ತರ ಗಟ್ಟಿ ಇದೆ. ಅಲಿ ಫರ್ಕಾ ಟೂರೆ. ಮಾಲಿ ದೇಶದ ನಿಯಾಫುಂಕೆ ಅನ್ನುವ ಊರಿನವರು. ನೈಜರ್ ಹೊಳೆ ದಂಡೆ. ಗಿಟಾರಿನಲ್ಲಿ ಒಂದೇ ಸಣ್ಣ ವರಸೆ ಹಿಡಿದು ಅದನ್ನೇ ತಿರುಗಿಸಿ ತಿರುಗಿಸಿ ನುಡಿಸುತ್ತಾರೆ. ಅವಸರ ಅನ್ನುವುದೇ ಇಲ್ಲ. ಅಮೆರಿಕದ ರೈ ಕೂಡರ್ ಜೊತೆ ಮಾಡಿದ 'ಟಾಕಿಂಗ್ ಟಿಂಬಕ್ಟು' 1994ರಲ್ಲಿ ಬಂತು, ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಸಿಕ್ಕಿತು. ಆದರೂ ಆ ಮನುಷ್ಯ ತಾನು ಮೊದಲು ರೈತ ಅಂತಲೇ ಹೇಳಿಕೊಂಡರು. 1999ರಲ್ಲಿ ಊರಿನ ಹೆಸರಲ್ಲೇ ಒಂದು ಆಲ್ಬಂ ಮಾಡಿದಾಗ ಅವರು ಸ್ಟುಡಿಯೊಗೆ ಹೋಗಲಿಲ್ಲ. ಯಂತ್ರಗಳೇ ಅವರ ಊರಿಗೆ ಬಂದವು. ಹೊಲದ ಕೆಲಸದ ನಡುವೆ ಬಿಡುವು ಸಿಕ್ಕಾಗ ರೆಕಾರ್ಡಿಂಗ್. 2004ರಲ್ಲಿ ಅದೇ ಊರಿನ ಮೇಯರ್ ಆದರು, ಸ್ವಂತ ದುಡ್ಡಿನಲ್ಲಿ ರಸ್ತೆ, ಚರಂಡಿ ಮಾಡಿಸಿದರು. 2006ರಲ್ಲಿ ತೀರಿಕೊಂಡರು. ಸಿಂಧನೂರು ಕಡೆ ಭತ್ತ ಬೆಳೆಯುವ ನಮ್ಮ ಮಾವನಿಗೆ ಈ ಕಥೆ ಹೇಳಿ ಆಮೇಲೆ ಹಾಡು ಹಾಕಿದೆ. ಪೂರ್ತಿ ಕೇಳಿದರು. 'ನೀರು ಕಟ್ಟಿ ಬದುವಿನ ಮ್ಯಾಲೆ ಕುಂತಾಗ ಕೇಳೋ ಹಾಡು ಇದು' ಅಂದರು. ಅಲಿ ಫರ್ಕಾ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಸರಿಯಾಗಿ ಹೇಳಿಲ್ಲ.

ಮಾಲಿಯದೇ ಇನ್ನೊಂದು ಕಥೆಯನ್ನು ರಾಯಚೂರಿನವರಿಗೆ ಹೇಳಲೇಬೇಕು. ನಮ್ಮದು ರೈಲಿನ ಊರು. 1871ರಲ್ಲಿ ಮುಂಬೈ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ ಕೂಡಿದ್ದು ಇಲ್ಲೇ. ಮಾಲಿಯ ರಾಜಧಾನಿ ಬಮಾಕೋದಲ್ಲಿ 1970ರಲ್ಲಿ ಒಂದು ವಾದ್ಯತಂಡ ಹುಟ್ಟಿತು. ಅದನ್ನು ಸಾಕಿದ್ದು ರೈಲ್ವೆ. ಅವರು ನುಡಿಸುತ್ತಿದ್ದದ್ದು ರೈಲ್ವೆ ಸ್ಟೇಷನ್ನಿನ ಹೋಟೆಲಿನಲ್ಲಿ. ಹೆಸರೇ ರೇಲ್ ಬ್ಯಾಂಡ್. ಗಾಯಕರಾದ ಸಲೀಫ್ ಕೇಟಾ, ಮೋರಿ ಕಾಂಟೆ ಇಬ್ಬರೂ ಅಲ್ಲಿಂದಲೇ ಬೆಳೆದವರು. ಎಲೆಕ್ಟ್ರಿಕ್ ಗಿಟಾರು, ತುತ್ತೂರಿ, ಕ್ಯೂಬಾದ ಲಯ ಎಲ್ಲ ಇಟ್ಟುಕೊಂಡು ಅವರು ಹಾಡಿದ್ದು ತಮ್ಮ ಅಜ್ಜ ಮುತ್ತಜ್ಜರ ಕಥೆಗಳನ್ನು. 13ನೇ ಶತಮಾನದಲ್ಲಿ ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಡಿಯಾಟಾ ಕೇಟಾನ ಕಥೆಯನ್ನು ಒಂದೇ ಹಾಡಾಗಿ 20 ನಿಮಿಷಕ್ಕೂ ಜಾಸ್ತಿ ಹಾಡಿದ್ದಾರೆ.

ಅಲ್ಲಿ ಇಂಥ ಕಥೆಗಳನ್ನು ಕಾಯುವವರಿಗೆ ಜೆಲಿ ಅನ್ನುತ್ತಾರೆ. ಹುಟ್ಟಿನಿಂದಲೇ ಬರುವ ಕಸುಬು. ಮನೆತನದ ಹೆಸರು ಹೇಳಿದರೆ ಸಾಕು, ತಲೆತಲಾಂತರದ ವಂಶಾವಳಿಯನ್ನು ಹಾಡಿಬಿಡುತ್ತಾರೆ. ಇದನ್ನು ವಿವರಿಸಲು ಬಾಯಿ ತೆಗೆದಿದ್ದೆ ಅಷ್ಟೇ, ಲಿಂಗಸುಗೂರು ಕಡೆಯ ಅಕ್ಕ ಒಬ್ಬರು 'ಹಂಗಾರ ಹೆಳವರು ಬಿಡು' ಅಂದರು. ಅಲ್ಲಿಗೆ ನನ್ನ ವಿವರಣೆ ಮುಗಿಯಿತು. ಎತ್ತಿನ ಮೇಲೆ ಬಂದು ನಮ್ಮ ಮನೆತನದ ಹೆಸರುಗಳನ್ನು ಸಾಲಾಗಿ ಹೇಳಿ ಕಾಳು ಪಡೆದು ಹೋಗುತ್ತಿದ್ದ ಹೆಳವರನ್ನು ನಾವೆಲ್ಲ ನೋಡಿದವರೇ ತಾನೆ. ಸಲೀಫ್ ಕೇಟಾ ಮಾತ್ರ ಹಾಡುವ ಮನೆತನದವರಲ್ಲ. ರಾಜನ ವಂಶ. ಆ ವಂಶದವರು ಹಾಡಬಾರದು, ಹಾಡಿಸಿಕೊಳ್ಳಬೇಕು. ಮೇಲಾಗಿ ಹುಟ್ಟಿನಿಂದ ಮೈಬಣ್ಣ ಬಿಳಿ, ಆಲ್ಬಿನಿಸಂ. ಅದಕ್ಕೂ ಜನ ಹೆದರಿ ದೂರ ಇಟ್ಟರು. ಎರಡನ್ನೂ ದಾಟಿ ಬಂದ ದನಿ ಅದು. ಮೇಲಕ್ಕೆ ಏರಿದಾಗ ಎದೆ ಹಿಡಿದುಕೊಳ್ಳುವ ಹಾಗೆ ಆಗುತ್ತದೆ.

ಈಗ ಹಲಗೆಯ ವಿಷಯಕ್ಕೆ ಬರುತ್ತೇನೆ. ಈ ಬರಹ ಬರೆಯಲು ಕೂತದ್ದೇ ಅದಕ್ಕಾಗಿ.

ನಮ್ಮ ಅಂಗಡಿಗೆ ಬಿ.ಪಿ. ಮಾತ್ರೆಗೆ ಬರುವ ಹಿರಿಯರೊಬ್ಬರಿದ್ದಾರೆ. ಹರೆಯದಿಂದಲೂ ಹಲಗೆ ಬಾರಿಸಿದವರು. ಮದುವೆ, ಜಾತ್ರೆ, ಸಾವು, ಮೊಹರಂ ಎಲ್ಲಕ್ಕೂ. ಮುದಗಲ್ ಮೊಹರಂ ಎಷ್ಟು ದೊಡ್ಡದು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಆಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಿಗೆ ಇವರು ರಾತ್ರಿಯಿಡೀ ಬಾರಿಸಿದ್ದಾರೆ. ಒಂದು ಶನಿವಾರ ಅವರನ್ನು ಮಾಳಿಗೆಗೆ ಕರೆದೆ. ಮೆಟ್ಟಿಲ ಹತ್ತಿರ ಬಂದು ನಿಂತರು. 'ಇಲ್ಲೇ ಕೆಳಗ ಕುಂತು ಕೇಳ್ತೀನ್ ಬಿಡವ್ವ' ಅಂದರು. ಹಲಗೆಯವರು ಅಂಗಳ ದಾಟಿ ಮನೆ ಮೇಲೆ ಹತ್ತುವುದು ಎಷ್ಟೋ ಓಣಿಗಳಲ್ಲಿ ಇವತ್ತಿಗೂ ರೂಢಿಯಲ್ಲಿಲ್ಲ. ಕರೆದ ನಾನೂ ಕೆಳಗೇ ಮೆಟ್ಟಿಲ ಮೇಲೆ ಕೂತೆ. ಅವರು ಹತ್ತುವ ತನಕ ಹಾಡು ಹಾಕಬೇಡಿ ಅಂತ ಮೇಲಿನವರಿಗೆ ಕೂಗಿ ಹೇಳಿದೆ. ಸ್ವಲ್ಪ ಹೊತ್ತಾದ ಮೇಲೆ ಹತ್ತಿದರು.

ಅವತ್ತು ಹಾಕಿದ್ದು ನೈಜೀರಿಯಾದ ಹಾಡುಗಾರ ಫೆಲಾ ಕುಟಿಯ 'ವಾಟರ್ ನೋ ಗೆಟ್ ಎನಿಮಿ'. 1975ರದ್ದು. ಹತ್ತು ನಿಮಿಷಕ್ಕೂ ಉದ್ದ. ಡ್ರಮ್ಸ್ ನುಡಿಸಿದವರು ಟೋನಿ ಅಲೆನ್. ಲಾಗೋಸಿನವರು, ರೇಡಿಯೊ ಸ್ಟೇಷನ್ನಿನಲ್ಲಿ ತಂತ್ರಜ್ಞರಾಗಿದ್ದುಕೊಂಡು ತಾವೇ ಡ್ರಮ್ಸ್ ಕಲಿತವರು. ಫೆಲಾ ಮತ್ತು ಇವರು ಕೂಡಿ ಕಟ್ಟಿದ್ದೇ ಆಫ್ರೋಬೀಟ್. ಘಾನಾ, ನೈಜೀರಿಯಾದ ಹೈಲೈಫ್ ಅನ್ನುವ ಕುಣಿತದ ಸಂಗೀತ, ಯೊರುಬಾ ಲಯ, ಅಮೆರಿಕದ ಜಾಝ್ ಮತ್ತು ಫಂಕ್ ಎಲ್ಲ ಕುದ್ದು ಒಂದಾದ ಸಂಗೀತ. ಟೋನಿ ಅಲೆನ್ ಇಲ್ಲದಿದ್ದರೆ ಆಫ್ರೋಬೀಟೇ ಇರುತ್ತಿರಲಿಲ್ಲ ಅಂತ ಸ್ವತಃ ಫೆಲಾ ಹೇಳಿದ್ದಾರೆ.

ಹಾಡು ಶುರುವಾಗಿ ಒಂದೆರಡು ನಿಮಿಷ ಹಿರಿಯರು ಸುಮ್ಮನೆ ಕೂತಿದ್ದರು. ಆಮೇಲೆ ಬಲಗೈ ಮೊಣಕಾಲಿನ ಮೇಲೆ ಬಂತು. ಹಲಗೆಯಲ್ಲಿ ಒಂದು ಕೈಗೆ ಗಿಡ್ಡನೆಯ ದಪ್ಪ ಕೋಲು, ಇನ್ನೊಂದಕ್ಕೆ ಉದ್ದನೆಯ ತೆಳ್ಳನೆ ಕಡ್ಡಿ. ದಪ್ಪ ಕೋಲು ದಾರಿ ಹಾಕುತ್ತದೆ, ಕಡ್ಡಿ ಆ ದಾರಿಯ ಸಂದಿಯಲ್ಲಿ ಕಿಟಿಕಿಟಿ ಅಂತ ತುಂಬುತ್ತದೆ. ಅವರ ಬಲಗೈ ಹೆಬ್ಬೆರಳು ದಪ್ಪ ಕೋಲಿನ ಕೆಲಸ ಮಾಡುತ್ತಿತ್ತು, ಎಡಗೈ ಕಿರುಬೆರಳು ಕಡ್ಡಿಯದು. ಒಂದು ಕಡೆ ಹೆಬ್ಬೆರಳು ಬೀಳದೆ ಮೇಲೆಯೇ ನಿಂತಿತು. ಮುಂದಿನ ಸುತ್ತಿನಲ್ಲಿ ಅದೇ ಜಾಗಕ್ಕೆ ಮತ್ತೆ ನಿಂತಿತು. 'ಇಲ್ಲಿ ಬಿಡ್ತಾನ ನೋಡವ್ವ' ಅಂದರು. 'ಹೊಡಿಯೋದು ಯಾರ್ ಬೇಕಾದ್ರೂ ಹೊಡಿತಾರ. ಇವಾ ಬಿಡೋದು ಕಲ್ತಾನ.'

ಟೋನಿ ಅಲೆನ್ ಬಗ್ಗೆ ಡ್ರಮ್ಸ್ ಬಲ್ಲವರೆಲ್ಲ ಹೇಳುವುದು ಇದನ್ನೇ. ನಾಲ್ಕು ಕೈಕಾಲು ನಾಲ್ಕು ದಾರಿ ಹಿಡಿಯುತ್ತವೆ. ಎಲ್ಲವೂ ಹಗುರ. ಬಾರಿಸಬೇಕು ಅಂತ ನಾವು ಕಾಯುವ ಕಡೆ ಖಾಲಿ ಬಿಟ್ಟು, ಅದರ ಪಕ್ಕದಲ್ಲಿ ಮೆಲ್ಲಗೆ ತಟ್ಟುತ್ತಾರೆ. ಅದಕ್ಕೇ ಮೈ ಮುಂದೆ ವಾಲುತ್ತದೆ. ನಾನು ಎಷ್ಟೋ ಲೇಖನ ಓದಿ ತಿಳಿದುಕೊಂಡದ್ದನ್ನು ಈ ಹಿರಿಯರು ಒಂದು ಹಾಡು ಮುಗಿಯುವುದರೊಳಗೆ ಹೇಳಿದರು. ಅವರು ಅಲೆನ್ ಹೆಸರನ್ನು ಅವತ್ತೇ ಮೊದಲು ಕೇಳಿದ್ದು. ಟೋನಿ ಅಲೆನ್ 2020ರ ಏಪ್ರಿಲ್ 30ರಂದು ಪ್ಯಾರಿಸಿನಲ್ಲಿ ತೀರಿಕೊಂಡರು. ಅದನ್ನು ಹೇಳಿದಾಗ ಹಿರಿಯರು ಕೈ ಮುಗಿದರು.

ಹಾಡಿನ ಅರ್ಥ ಆಮೇಲೆ ಹೇಳಿದೆ. ಸ್ನಾನಕ್ಕೆ ನೀರು ಬೇಕು, ಅಡುಗೆಗೆ ನೀರು ಬೇಕು, ತಲೆ ಕಾದರೆ ತಣ್ಣಗೆ ಮಾಡಲು ನೀರೇ ಬೇಕು. ನೀರಿಗೆ ವೈರಿ ಅನ್ನುವವರಿಲ್ಲ. ಯೊರುಬಾ ಜನರ ಗಾದೆಯಿಂದ ಎತ್ತಿಕೊಂಡ ಮಾತು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಕೂತ ಜಿಲ್ಲೆ ನಮ್ಮದು. ಆದರೂ ಬೇಸಿಗೆ ಬಂದರೆ ಕೊಡ ಸಾಲು ಹಚ್ಚುತ್ತೇವೆ. ಕಾಲುವೆಯ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ಆ ಹಾಡಿಗೆ ಇಲ್ಲಿ ಅನುವಾದ ಜಾಸ್ತಿ ಬೇಕಾಗಲಿಲ್ಲ.

ಫೆಲಾ ಬಗ್ಗೆ ಮಾತಾಡಿದರೆ ಎಲ್ಲವನ್ನೂ ಹೇಳಬೇಕು. ಹುಟ್ಟಿದ್ದು 1938, ಅಬೆವೊಕುಟಾ. ತಾಯಿ ಫುನ್ಮಿಲಾಯೊ ರಾನ್ಸಮ್ ಕುಟಿ. ಹೆಂಗಸರ ಮೇಲೆ ಹಾಕಿದ್ದ ತೆರಿಗೆಯ ವಿರುದ್ಧ ಸಾವಿರಾರು ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು. ಅಲ್ಲಿನ ಅರಸ 1949ರಲ್ಲಿ ಪಟ್ಟ ಬಿಟ್ಟು ಇಳಿಯಬೇಕಾಯಿತು. ಮಗ ಲಂಡನ್ನಿನಲ್ಲಿ ಸಂಗೀತ ಕಲಿತು ಬಂದು ಸೈನಿಕ ಸರ್ಕಾರದ ವಿರುದ್ಧ ಹಾಡಿದ. ಹುಕುಂ ಕೊಟ್ಟಂತೆ ನಡೆಯುವ ಸೈನಿಕರ ಮೇಲೆ 'ಝಾಂಬಿ' ಹಾಡು ಬಂತು. 1977ರ ಫೆಬ್ರವರಿಯಲ್ಲಿ ಸೈನಿಕರು ಅವನ ಮನೆಗೆ ನುಗ್ಗಿದರು, ಸುಟ್ಟರು. ಮುದುಕಿ ತಾಯಿಯನ್ನು ಕಿಟಕಿಯಿಂದ ಎಸೆದರು. ಅದೇ ಪೆಟ್ಟಿನಿಂದ ನರಳಿ 1978ರಲ್ಲಿ ಆಕೆ ತೀರಿಕೊಂಡರು.

ಇಂಥ ತಾಯಿಯ ಮಗ ಹೆಂಗಸರ ಬಗ್ಗೆ ಹಾಡಿದ್ದನ್ನು ನಾನು ಒಪ್ಪುವುದಿಲ್ಲ. 1972ರ 'ಲೇಡಿ' ಹಾಡಿನ ಲಯ ಎಷ್ಟು ಚೆಂದ ಇದ್ದರೂ, ಸಮ ಕೇಳುವ ಹೆಣ್ಣನ್ನು ಹಂಗಿಸುವ ಹಾಡು ಅದು. ನಮ್ಮ ಮಾಳಿಗೆಯಲ್ಲಿ ಹಾಕುವುದಿಲ್ಲ. ಹಾಕಿ, ಚರ್ಚೆ ಮಾಡೋಣ ಅಂತ ಕೆಲವರು ಅನ್ನುತ್ತಾರೆ. ಅವರ ಮಾತಿನಲ್ಲಿ ಅರ್ಥವಿದೆ, ಆದರೆ ಸ್ಪೀಕರ್ ನನ್ನದು. ಅದರ ಬದಲು ಅಮೆರಿಕದ ಗಾಯಕಿ ಅರೀತಾ ಫ್ರಾಂಕ್ಲಿನ್ ಹಾಕುತ್ತೇನೆ. 'ರೆಸ್ಪೆಕ್ಟ್' ಹಾಡು ಓಟಿಸ್ ರೆಡಿಂಗ್ ಅವರದು. 1965ರಲ್ಲಿ ಅವರೇ ಬರೆದು ಹಾಡಿದ್ದರು. ದುಡಿದು ಮನೆಗೆ ಬಂದ ಗಂಡಸು ಹೆಂಡತಿಯಿಂದ ಮರ್ಯಾದೆ ಕೇಳುವ ಹಾಡು. 1967ರಲ್ಲಿ ಅರೀತಾ ಅದನ್ನು ತಿರುಗಿಸಿ ಹೆಣ್ಣಿನ ಬಾಯಲ್ಲಿ ಇಟ್ಟರು. ಆ ಶಬ್ದದ ಅಕ್ಷರಗಳನ್ನು ಬಿಡಿಬಿಡಿಯಾಗಿ ಕೂಗಿ ಹೇಳುವ ಭಾಗ ಓಟಿಸ್ ಹಾಡಿನಲ್ಲಿ ಇರಲಿಲ್ಲ, ಅರೀತಾ ಸೇರಿಸಿದ್ದು. ಹಿಂದೆ ಅಕ್ಕ, ತಂಗಿಯ ದನಿ. ನಮ್ಮಲ್ಲಿ ಬರುವ ಅಂಗನವಾಡಿ ಟೀಚರ್ ಒಬ್ಬರಿಗೆ ಈ ಎರಡನ್ನೂ ಒಂದರ ಹಿಂದೊಂದು ಕೇಳಿಸಿದೆ. ಎರಡನೆಯದನ್ನು ಮತ್ತೆ ಹಾಕಿಸಿ, ಎದ್ದು ನಿಂತು ಕೇಳಿದರು.

ಫೆಲಾ ಸಾವಿನ ವಿಷಯ ಒಂದನ್ನು ಮೆಡಿಕಲ್ ಶಾಪಿನವಳಾಗಿ ಹೇಳುತ್ತೇನೆ. 1997ರ ಆಗಸ್ಟ್ 2ರಂದು ಅವರು ತೀರಿಕೊಂಡಾಗ ಅಣ್ಣ ಒಲಿಕೋಯೆ ರಾನ್ಸಮ್ ಕುಟಿ ಪತ್ರಿಕೆಯವರನ್ನು ಕರೆದು, ಇದು ಏಡ್ಸ್‌ನಿಂದ ಆದ ಸಾವು ಅಂತ ನೇರವಾಗಿ ಹೇಳಿದರು. ಅವರು ಡಾಕ್ಟರು, ದೇಶದ ಆರೋಗ್ಯ ಮಂತ್ರಿ ಆಗಿದ್ದವರು. ಆ ಕಾಲದ ನೈಜೀರಿಯಾದಲ್ಲಿ ಆ ಕಾಯಿಲೆಯ ಹೆಸರನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಚೀಟಿಯನ್ನು ಮಡಚಿ, ಅಂಗಡಿಯಲ್ಲಿ ಬೇರೆ ಗಿರಾಕಿ ಇಲ್ಲದ ಹೊತ್ತು ನೋಡಿ ಬರುವ ಜನರನ್ನು ನಾನು ದಿನಾ ನೋಡುತ್ತೇನೆ. ಆ ಅಣ್ಣನ ಬಗ್ಗೆ ನನಗೆ ಬಹಳ ಗೌರವ.

ಹಲಗೆ ಹಿರಿಯರ ಮೊಮ್ಮಗ ಮತ್ತು ಅವನ ಗೆಳೆಯರು ಈಗ ನಮ್ಮ ಕಾಯಂ ಜನ. ಈ ಹುಡುಗರಿಗೆ ಹಿಡಿಸಿದ್ದು ಅಮೆರಿಕದ ಗಾಯಕ ಜೇಮ್ಸ್ ಬ್ರೌನ್. ಫಂಕ್ ಅನ್ನುವುದು ಅವರ 1967ರ 'ಕೋಲ್ಡ್ ಸ್ವೆಟ್' ಹಾಡಿನಿಂದ ಶುರುವಾಯಿತು ಅಂತ ಬಹಳ ಜನ ಹೇಳುತ್ತಾರೆ. ಅವರ ನಿಯಮ ಒಂದೇ. ಎಲ್ಲ ವಾದ್ಯಗಳೂ ಮೊದಲ ಪೆಟ್ಟಿಗೆ ಸರಿಯಾಗಿ ಬಂದು ಬೀಳಬೇಕು, ನಡುವೆ ಏನು ಬೇಕಾದರೂ ಮಾಡಿ. ತಬಲಾದವರು ಸಮ್‌ಗೆ ಬಂದು ಕೂಡುತ್ತಾರಲ್ವಾ, ಅದೇ ಕಟ್ಟುನಿಟ್ಟು. ಗಿಟಾರು, ತುತ್ತೂರಿ, ಬ್ರೌನ್ ಅವರ ಕೂಗು, ಎಲ್ಲವೂ ತಾಳವಾದ್ಯವೇ ಆಗಿಬಿಡುತ್ತವೆ.

ಅವರ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ಕಥೆ ಹೇಳಿದಾಗ ಹುಡುಗರಿಗೆ ಸಿಟ್ಟು ಬಂತು. ಟೆನೆಸಿಯ ಚಟನೂಗಾ ಊರಿನಲ್ಲಿ ಬೆಳೆದವರು. ಫ್ಯಾಕ್ಟರಿ ಯಂತ್ರಗಳ ಸದ್ದು, ರೈಲಿನ ಸದ್ದು ಕೇಳಿ ಲಯ ಕಲಿತವರು. 1970ರಲ್ಲಿ ಬಂದ 'ಫಂಕಿ ಡ್ರಮ್ಮರ್' ಹಾಡಿನಲ್ಲಿ ಉಳಿದವರೆಲ್ಲ ನುಡಿಸುವುದು ನಿಲ್ಲಿಸಿ ಇವರೊಬ್ಬರೇ ಕೆಲವು ಸೆಕೆಂಡು ಬಾರಿಸುತ್ತಾರೆ. ಆ ತುಣುಕನ್ನು ಎತ್ತಿಕೊಂಡು ಮುಂದೆ ನೂರಾರು ಹಿಪ್‌ಹಾಪ್ ಹಾಡುಗಳು ಬಂದವು. ಹಾಡು ಬರೆದವರು ಅಂತ ಇವರ ಹೆಸರು ಇರಲಿಲ್ಲ, ಹಾಗಾಗಿ ಅದರ ಹಕ್ಕಿನ ಹಣ ಇವರಿಗೆ ಬರಲಿಲ್ಲ. 2017ರಲ್ಲಿ ತೀರಿಕೊಂಡರು. ಮೊಮ್ಮಗ ಕೇಳಿದ, 'ಅಕ್ಕ, ಬಾರಿಸಿದಾವ್ರಿಗೆ ಯಾಕ್ ಕೊಡಂಗಿಲ್ಲ?' ಮದುವೆ ಮೆರವಣಿಗೆಯಲ್ಲಿ ಮಧ್ಯರಾತ್ರಿ ತನಕ ಬಾರಿಸಿ, ಮಾತಾಡಿದ್ದಕ್ಕಿಂತ ಕಡಿಮೆ ದುಡ್ಡು ಹಿಡಿದು ಬಂದವನ ಪ್ರಶ್ನೆ ಅದು. ಅವತ್ತು ಚರ್ಚೆ ಬಹಳ ಹೊತ್ತು ನಡೆಯಿತು, ಹಾಡು ಅಲ್ಲಿಗೇ ನಿಂತಿತು.

ಅಮೆರಿಕದ ಇನ್ನೊಬ್ಬ ಗಾಯಕ ಸ್ಯಾಮ್ ಕುಕ್ ಅವರ 'ಎ ಚೇಂಜ್ ಈಸ್ ಗೊನ ಕಮ್' (ಬದಲಾವಣೆ ಬಂದೇ ಬರುತ್ತದೆ) ಬಗ್ಗೆಯೂ ಹೀಗೇ. 1963ರ ಅಕ್ಟೋಬರಿನಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್ ಊರಿನಲ್ಲಿ, ಬುಕ್ ಮಾಡಿದ್ದ ಹೋಟೆಲಿನವರು ಕರಿಯರು ಅನ್ನುವ ಕಾರಣಕ್ಕೆ ಅವರಿಗೆ ರೂಮು ಕೊಡಲಿಲ್ಲ. ಗಲಾಟೆ ಆಯಿತು, ಪೊಲೀಸರು ಹಿಡಿದುಕೊಂಡು ಹೋದರು. ಮುಂದಿನ ವರ್ಷ ಈ ಹಾಡು ಬಂತು. ಚರ್ಚಿನಲ್ಲಿ ದೇವರನ್ನು ಕರೆಯುವ ಅದೇ ದನಿ ಇಲ್ಲಿ ಮನುಷ್ಯರಿಂದ ನ್ಯಾಯ ಕೇಳುತ್ತದೆ. ಸೋಲ್ ಸಂಗೀತ ಹುಟ್ಟಿದ್ದೇ ಹಾಗೆ. ಈ ಹಾಡಿಗೆ ನಾನು ಜಾಸ್ತಿ ಮಾತು ಸೇರಿಸುವುದಿಲ್ಲ. ಮೆಟ್ಟಿಲ ಹತ್ತಿರ ನಿಂತುಬಿಟ್ಟಿದ್ದ ಹಿರಿಯರು ಕೂತಿರುವ ಸಭೆಯಲ್ಲಿ ಸೇರಿಸಲು ಏನೂ ಉಳಿದಿರುವುದಿಲ್ಲ.

ಇದೆಲ್ಲ ದೂರದ್ದು, ನಮಗೂ ಇದಕ್ಕೂ ಏನು ಸಂಬಂಧ ಅಂತ ಕೇಳುವವರು ಈಗಲೂ ಇದ್ದಾರೆ. ಅವರಿಗೆ ಆದೋನಿ ತೋರಿಸುತ್ತೇನೆ. ಗುಂತಕಲ್ ಕಡೆ ಹೋಗುವ ರೈಲು ಹತ್ತಿ, ಮಂತ್ರಾಲಯಂ ರೋಡ್ ದಾಟಿದರೆ ಸಿಗುವ ಊರು. ಅಲ್ಲಿನ ದೊಡ್ಡ ಜಾಮಿಯಾ ಮಸೀದಿ ಕಟ್ಟಿಸಿದವರು ಸಿದ್ದಿ ಮಸೂದ್ ಖಾನ್. 17ನೇ ಶತಮಾನದಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ಹತ್ತಿರ ಅಧಿಕಾರ ನಡೆಸಿದ, ಆಫ್ರಿಕಾ ಮೂಲದ ಸರದಾರ. ಇನ್ನು 1948ರವರೆಗೆ ನಾವು ನಿಜಾಮರ ರಾಜ್ಯದಲ್ಲಿದ್ದೆವು. ಅವರ ಪಡೆಯಲ್ಲಿ ಆಫ್ರಿಕಾದವರ ಕುದುರೆ ದಳ ಇತ್ತು. ಹೈದರಾಬಾದಿನ ಎ.ಸಿ. ಗಾರ್ಡ್ಸ್ ಬಡಾವಣೆಗೆ ಆ ಹೆಸರು ಬಂದದ್ದು ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್ ಅವರಿಂದ. ಆ ಸಿದ್ದಿಗಳು ಮತ್ತು ಯೆಮೆನ್‌ನಿಂದ ಬಂದ ಅರಬರು ಕೂಡಿ ಬೆಳೆಸಿದ್ದೇ ಮರ್ಫಾ ಅನ್ನುವ ತಾಳದ ಮೇಳ. ಮದುವೆಯಲ್ಲಿ ಮರ್ಫಾ ಬಡಿದರೆ ಸುಮ್ನೆ ಕೂತವರೂ ಎದ್ದು ಕುಣಿಯುತ್ತಾರೆ. ಫೆಲಾಗಿಂತ ಎಷ್ಟೋ ಮೊದಲೇ ಆ ಕಡೆಯ ಪೆಟ್ಟು ಈ ಕಡೆಯ ಕಿವಿಗೆ ಬಿದ್ದಿದೆ.

ನಮ್ಮ ಕಡೆಯದೂ ಅಲ್ಲಿಗೆ ಹೋಗಿದೆ. ಉತ್ತರ ನೈಜೀರಿಯಾದ ಕಾನೋ ಊರಿನಲ್ಲಿ ಹಿಂದಿ ಸಿನಿಮಾ ಅಂದರೆ ಜೀವ. ಅಲ್ಲಿನ ಸೂಫಿ ಹಾಡುಗಾರರು ಹಿಂದಿ ಸಿನಿಮಾ ಹಾಡಿನ ಧಾಟಿಗೆ ಹೌಸಾ ಭಾಷೆಯಲ್ಲಿ ಪ್ರವಾದಿಯ ಸ್ತುತಿ ಕಟ್ಟಿ, ಬಂದಿರಿ ಅನ್ನುವ ಡಪ್ಪು ಬಡಿದು ಹಾಡುತ್ತಾರೆ. ಸಿನಿಮಾ ಧಾಟಿಗೆ ದೇವರ ಪದ ಕಟ್ಟುವುದು ನಮ್ಮ ಭಜನೆ ಮಂಡಳಿಗಳಿಗೂ ಹೊಸದಲ್ಲ. ಫಂಕ್ ನಮ್ಮ ಕಿವಿಗೆ ಒಗ್ಗಲ್ಲ ಅನ್ನುವ ರಾಜ್‌ಕುಮಾರ್ ಅಭಿಮಾನಿಗಳಿಗೆ ನಾನು ಹಾಕುವುದು 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದ ಇಂಗ್ಲಿಷ್ ಹಾಡು. ಜಿ.ಕೆ. ವೆಂಕಟೇಶ್ ಸಂಗೀತ, ಅಣ್ಣಾವ್ರ ದನಿ. ಮಾತನ್ನು ಬಿಟ್ಟು ಕೆಳಗಿನ ಬೇಸ್ ಮತ್ತು ತಾಳವನ್ನಷ್ಟೇ ಕೇಳಿ ಅನ್ನುತ್ತೇನೆ. ಆಮೇಲೆ ಜೇಮ್ಸ್ ಬ್ರೌನ್ ಕೇಳುವುದು ಕಷ್ಟ ಆಗುವುದಿಲ್ಲ.

ವಾಟ್ಸಾಪ್ ಗ್ರೂಪಿನಲ್ಲಿ ಲಿಂಕ್ ಹಾಕಿ ಅಂತ ಎಷ್ಟೋ ಜನ ಕೇಳುತ್ತಾರೆ. ಮೊದಲು ಹಾಕುತ್ತಿದ್ದೆ, ಈಗ ಇಲ್ಲ. ಲಿಂಕ್ ಬಂದರೆ ಅರ್ಧ ನಿಮಿಷ ಕೇಳಿ ಮುಂದೆ ಹೋಗುತ್ತಾರೆ. ಈ ಸಂಗೀತದ ದೊಡ್ಡ ಗುಣವೇ ಉದ್ದ. ಒಂದು ವರಸೆ ಹತ್ತು ಸಲ ಬರುವಾಗ ಬೇಜಾರು, ಇಪ್ಪತ್ತನೇ ಸಲಕ್ಕೆ ಅದು ಮೈಗೆ ಹತ್ತುತ್ತದೆ. ಆಮೇಲೆ ಬೇಡ ಅಂದರೂ ಬಿಡುವುದಿಲ್ಲ. ಅಲ್ಲಿಯವರೆಗೆ ಕೂರಿಸಲು ಪಕ್ಕದಲ್ಲಿ ಇನ್ನೊಬ್ಬರು ಇರಬೇಕು. ಬಯಲಾಟಕ್ಕೆ ಬೆಳಗಿನ ತನಕ ಕೂತ ಊರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೂರಲು ಒಂದು ಜಾಗ ಬೇಕು, ಅಷ್ಟೇ.

ಬರುವ ಶನಿವಾರ ಅರೀತಾ ಫ್ರಾಂಕ್ಲಿನ್ 1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಒಂದು ಚರ್ಚಿನಲ್ಲಿ ಹಾಡಿದ 'ಅಮೇಜಿಂಗ್ ಗ್ರೇಸ್' ಪೂರ್ತಿ ಆಲ್ಬಂ ಹಾಕುತ್ತೇವೆ. ಹಾರ್ಮೋನಿಯಂ ಮೇಷ್ಟ್ರು ಎರಡು ವಾರದಿಂದ ಅದಕ್ಕೇ ಹಟ ಹಿಡಿದಿದ್ದಾರೆ. ಹುಡುಗರಿಗೆ ಅದರಲ್ಲಿ ಡ್ರಮ್ಸ್ ಕಡಿಮೆ ಅನ್ನುವ ಚಿಂತೆ, ಹಾಗಾಗಿ ಕೊನೆಗೆ ಒಂದು 'ಫಂಕಿ ಡ್ರಮ್ಮರ್' ಇರುತ್ತದೆ. ಅವರು ಆ ತುಣುಕಿಗೆ ಹಲಗೆಯಲ್ಲಿ ಉತ್ತರ ಕಟ್ಟಿದ್ದಾರೆ. ಹಲಗೆ ಕಾಯಿಸಲು ಹಿತ್ತಲಿನಲ್ಲಿ ಸ್ವಲ್ಪ ಬೆಂಕಿ ಹಾಕುತ್ತೇವೆ, ಅಕ್ಕಪಕ್ಕದವರಿಗೆ ಹೇಳಿದ್ದಾಗಿದೆ. 8 ಗಂಟೆಗೆ ಶುರು, 10ಕ್ಕೆ ಬಂದ್. ಬರುವವರು ಸಂಜೆ ಅಂಗಡಿಗೆ ಬಂದು ಒಂದು ಮಾತು ಹೇಳಿ, ಚಾಪೆ ಎಷ್ಟು ಹಾಸಬೇಕು ಅಂತ ಗೊತ್ತಾಗುತ್ತದೆ.